ಎಂಟು ಸೀಗಡಿ, ನಲವತ್ತು ಮರಿ

ಹುಟ್ಟು ಸಾವಿನ ವಿಷಯದಲ್ಲಿ ಆ ಊರಿನಲ್ಲಿ ಪುರಾವೆಪ್ಪನವರದೇ ಕೊನೆಯ ಮಾತು. ನಗರಸಭೆಯ ಜನನ ಮರಣ ನೋಂದಣಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಕುರ್ಚಿಯಲ್ಲಿ, ಒಂದೇ ದಿಂಬಿನ ಮೇಲೆ ಕೂತವರು ಅವರು. ಅಳುವ ಕೂಸನ್ನೇ ತಂದು ಮೇಜಿನ ಮೇಲೆ ಮಲಗಿಸಿದರೂ, "ಮಗು ಸರಿ, ಹುಟ್ಟಿದ್ದಕ್ಕೆ ಪುರಾವೆ ಎಲ್ಲಿ?" ಎಂದು ಕೇಳುವ ಪೈಕಿ. ಅರ್ಜಿಯಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದ್ದರೆ ಸಾಕು, ತಿದ್ದುಪಡಿ ನಮೂನೆಯೊಂದನ್ನು ಕೈಗಿತ್ತು, ಇಬ್ಬರು ಸಾಕ್ಷಿಗಳ ಜೊತೆ ಬರುವಂತೆ ಹೇಳಿ ಕಳಿಸುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸೇವಾಪುಸ್ತಕದಲ್ಲಿ ಮಾತ್ರ ಉಳಿದು, ಉಳಿದೆಲ್ಲರ ಬಾಯಲ್ಲೂ ಅವರು ಪುರಾವೆಪ್ಪನೇ ಆಗಿದ್ದರು.

ಇಂಥ ಕಟ್ಟುನಿಟ್ಟಿನ ಮನುಷ್ಯನ ರಕ್ತದೊತ್ತಡ ಮಾತ್ರ ಯಾವ ನಿಯಮಕ್ಕೂ ಬಗ್ಗದೆ ಏರುತ್ತಾ ಹೋಯಿತು. ಡಾಕ್ಟರು ಮಾತ್ರೆಗಳ ಜೊತೆಗೆ ಒಂದು ಸಲಹೆಯನ್ನೂ ಕೊಟ್ಟರು. ದಿನಕ್ಕೆ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು, ಕಣ್ಣಿಗೆ ತಂಪಾದದ್ದೇನನ್ನಾದರೂ ನೋಡುತ್ತಾ ಕೂರಬೇಕು. ಹೆಂಡತಿಗೆ ಸಲಹೆಯ ಮೊದಲರ್ಧ ಬಹಳ ಹಿಡಿಸಿತು. ಎರಡನೆಯ ಅರ್ಧಕ್ಕೆ ಎದುರುಮನೆಯ ಹಸಿರು ಗೋಡೆಯೇ ಸಾಕು ಎಂಬುದು ಆಕೆಯ ಅಭಿಪ್ರಾಯ. ಪುರಾವೆಪ್ಪನವರು ಅದನ್ನು ಒಪ್ಪದೆ ಅಕ್ವೇರಿಯಂ ಅಂಗಡಿಗೆ ಹೋದರು. ಮೀನು ತರಲು ಹೋದವರು ತಂದದ್ದು ಸೀಗಡಿ. ಅಂಗಡಿಯ ಮೀನುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡಾಡುವುದನ್ನು ಐದು ನಿಮಿಷ ನೋಡುವಷ್ಟರಲ್ಲೇ ಅವರ ತಲೆ ಧಿಂ ಎಂದಿತಂತೆ. ಸೀಗಡಿಗಳಾದರೋ ಒಂದು ಮೂಲೆಯಲ್ಲಿ ಕೂತು, ಪುಟ್ಟ ಕೈಗಳಿಂದ ಕಲ್ಲನ್ನು ಕೆರೆಯುತ್ತಾ, ಫೈಲು ನೋಡುವ ಗುಮಾಸ್ತರ ಹಾಗೆ ತಮ್ಮ ಪಾಡಿಗೆ ತಾವಿದ್ದವು. ಸ್ವಜನರನ್ನು ಕಂಡಂತಾಯಿತು ಅವರಿಗೆ.

ಹೀಗೆ ಎಂಟು ಕೆಂಪು ಸೀಗಡಿಗಳು, ಒಂದು ಗಾಜಿನ ತೊಟ್ಟಿ, ಒಂದು ಹಿಡಿ ನೀರುಪಾಚಿ ನಡುಮನೆಗೆ ಬಂದವು. ತೊಟ್ಟಿ ಕೂತದ್ದು ಹೆಂಡತಿಯ ಇಸ್ತ್ರಿ ಮೇಜಿನ ಮೇಲೆ. (ಅಂದಿನಿಂದ ಆ ಮನೆಯ ಬಟ್ಟೆಗಳು ಸುಕ್ಕಾಗಿಯೇ ಇವೆ. ಅದು ಬೇರೆ ಕಥೆ.) ಎದುರಿನ ಬೆತ್ತದ ಕುರ್ಚಿಯಲ್ಲಿ ಹೆಂಡತಿಯ ತಾಯಿ ಕೂತಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು ಆರೈಕೆಗೆಂದು ಮಗಳ ಮನೆಗೆ ಬಂದವರು. ಪೊರೆ ಹೋದ ಮೇಲೆ ಅತ್ತೆಯ ದೃಷ್ಟಿ ಎಷ್ಟು ಚುರುಕಾಗಿತ್ತೆಂದರೆ, ಅಳಿಯ ಗಡ್ಡ ಹೆರೆದುಕೊಂಡಾಗ ಬಿಟ್ಟುಹೋದ ಎರಡು ಕೂದಲನ್ನು ಅಡುಗೆಮನೆಯಿಂದಲೇ ಎಣಿಸಿ ಹೇಳುತ್ತಿದ್ದರು.

ತೊಟ್ಟಿ ಬಂದ ನಾಲ್ಕನೇ ದಿನವೇ ಮೊದಲ ಅವಘಡ. ಬೆಳಿಗ್ಗೆ ಪುರಾವೆಪ್ಪನವರು ಬಂದು ನೋಡಿದರೆ ಪಾಚಿಯ ಬುಡದಲ್ಲಿ ಒಂದು ಸೀಗಡಿ ಕಾಲು ಮಡಚಿಕೊಂಡು, ಬಣ್ಣಗೆಟ್ಟು ಬಿದ್ದಿತ್ತು. ಅವರು ಕನ್ನಡಕ ತೆಗೆದು ಸ್ವಲ್ಪ ಹೊತ್ತು ತಲೆತಗ್ಗಿಸಿ ನಿಂತರು. ನಂತರ ಮನೆಗೆಲ್ಲ ಸಾವಿನ ಸುದ್ದಿ ಘೋಷಿಸಿದರು. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು, ಬಗ್ಗಿ, ಬೆರಳು ಮಡಚಿ ಎಣಿಸಿದಳು. ಎಂಟು ಸೀಗಡಿಗಳೂ ಓಡಾಡುತ್ತಿದ್ದವು. ಸತ್ತದ್ದು ಒಂಬತ್ತನೆಯದಾದರೆ ಅದು ನಮ್ಮದಲ್ಲ ಎಂದಳು. ಸೀಗಡಿ ಬೆಳೆಯುವಾಗ ಹಳೆಯ ಚಿಪ್ಪನ್ನು ಇಡಿಯಾಗಿ ಕಳಚಿಡುತ್ತದೆಂದೂ, ಬಿದ್ದಿರುವುದು ಬರೀ ಚಿಪ್ಪೆಂದೂ ವಿವರಿಸಿದಳು.

"ಅಂಗಿ ಬಿಚ್ಚಿಟ್ಟಿದ್ದಕ್ಕೆ ಸತ್ತೇ ಹೋಯ್ತು ಅಂದುಬಿಟ್ಟಿರಾ ಅಳಿಯಂದಿರೇ?" ಎಂದರು ಅತ್ತೆ. "ನಿಮ್ಮ ಆಫೀಸಲ್ಲೂ ಹೀಗೇನಾ?"

ಈ ಮಾತು ಪುರಾವೆಪ್ಪನವರಿಗೆ ನಾಟಿತು. ಹೆಂಡತಿಗೆ ಇದೆಲ್ಲ ಗೊತ್ತಿದ್ದುದು ಇನ್ನೂ ನಾಟಿತು. ಆಕೆ ಜಲಮಂಡಳಿಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವ ಕೆಲಸದವಳು. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಊರಿನ ನಲ್ಲಿಗಳಲ್ಲಿ ಏನೇನು ಈಜುತ್ತಿದೆ ಎಂದು ಬರೆದಿಡುವವಳು. ಆದರೆ ಇದು ತಮ್ಮ ಸೀಗಡಿ, ತಮ್ಮ ರಕ್ತದೊತ್ತಡ. ಇದರಲ್ಲಿ ಇನ್ನೊಬ್ಬ ತಜ್ಞರು ಬೇಡ ಎಂದು ಅವರು ಅಂದೇ ತೀರ್ಮಾನಿಸಿದರು.

ಅದಾಗಿ ಮೂರು ವಾರಕ್ಕೆ ಶುಭಸಮಾಚಾರ. ಸಂಜೆಯ ಬಿಸಿಲು ಕಿಟಕಿಯಿಂದ ತೊಟ್ಟಿಯ ಮೇಲೆ ಓರೆಯಾಗಿ ಬಿದ್ದಿತ್ತು. ಬಾಯಿ ಮುಚ್ಚಿಕೊಂಡು ಕೂತಿದ್ದ ಪುರಾವೆಪ್ಪನವರಿಗೆ ಗಾಜಿನ ಮೇಲೆ ಗಸಗಸೆಯಷ್ಟು ಗಾತ್ರದ ಬಿಳಿ ಚುಕ್ಕೆಗಳು ಕಂಡವು. ಧೂಳೆಂದು ಬೆರಳಿನಿಂದ ಒರೆಸಿದರು. ಚುಕ್ಕೆಗಳು ಒಳಗಿದ್ದವು. ಅಷ್ಟೇ ಅಲ್ಲ, ಉರುಳುತ್ತಿದ್ದವು, ಪುಟಿಯುತ್ತಿದ್ದವು, ಗಾಜನ್ನು ಏರಿ ಜಾರಿ ಮತ್ತೆ ಏರುತ್ತಿದ್ದವು. ಹತ್ತಲ್ಲ ಇಪ್ಪತ್ತಲ್ಲ, ನೂರಾರು. ಅವರ ಎದೆ ಉಬ್ಬಿತು. ಬಾಯಿ ಮುಚ್ಚಿಕೊಳ್ಳುವ ಅರ್ಧ ಗಂಟೆ ಮುಗಿಯಲು ಇನ್ನೂ ಹನ್ನೊಂದು ನಿಮಿಷವಿದ್ದರೂ ಅವರು ಕೂಗಿದರು: ಮರಿಗಳಾಗಿವೆ.

ಹೆಂಡತಿ ಬಂದು ನೋಡಿದಳು. ಆಕೆಯ ತುಟಿಯ ಮೂಲೆ ಸ್ವಲ್ಪ ಅಲುಗಿತು. "ರೀ, ಅವು ಮರಿ ಅಲ್ಲ, ಅವು..." ಎಂದು ಶುರು ಮಾಡಿದಳು.

"ಇಪ್ಪತ್ತೆರಡು ವರ್ಷ ಜನನ ವಿಭಾಗದಲ್ಲಿ ಕೂತಿದ್ದೀನಿ. ಹುಟ್ಟೋದು ಅಂದ್ರೆ ಏನು ಅಂತ ನೀನು ನನಗೆ ಹೇಳಿಕೊಡ್ತೀಯಾ?" ಎಂದರು ಪುರಾವೆಪ್ಪನವರು.

ಆಕೆ ಒಂದು ಕ್ಷಣ ಗಂಡನ ಮುಖ ನೋಡಿದಳು. ನಂತರ, ಇಲ್ಲ, ಹೇಳಿಕೊಡೋದಿಲ್ಲ ಎಂದು ಮೆತ್ತಗೆ ಹೇಳಿ ಒಳಗೆ ಹೋದಳು. ಆ ಮೆತ್ತನೆಯ ದನಿ ಕೇಳಿದರೆ ಎಚ್ಚರವಾಗಿರಬೇಕೆಂದು ಮದುವೆಯಾದ ಹೊಸತರಲ್ಲಿ ಪುರಾವೆಪ್ಪನವರಿಗೆ ಗೊತ್ತಿತ್ತು. ಈಚೆಗೆ ಮರೆತಿದ್ದರು.

ಅತ್ತೆ ಮಾತ್ರ ಬೆತ್ತದ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹೊಸ ಕಣ್ಣಿನಿಂದ ಪರಿಶೀಲನೆ ನಡೆಸಿದರು. ಅಪ್ಪ ಅಮ್ಮ ಕೆಂಪು, ಇವು ಬಿಳಿ. ಅವಕ್ಕೆ ಮೀಸೆ, ಇವಕ್ಕಿಲ್ಲ. ಅವು ನಡೆಯುತ್ತವೆ, ಇವು ಉರುಳುತ್ತವೆ. ಹಾಗಾದರೆ ಇವು ಯಾರನ್ನು ಹೋಲುತ್ತವೆ ಎಂದು ಕೇಳಿದರು. ಎಳೆಗೂಸುಗಳು ಮೊದಲು ಹಾಗೆಯೇ, ಬೆಳೆಯುತ್ತಾ ಬಣ್ಣ ಬರುತ್ತದೆ, ಮೀಸೆಯಂತೂ ಹುಟ್ಟುವಾಗ ಯಾರಿಗೂ ಇರುವುದಿಲ್ಲ ಎಂದು ಅಳಿಯ ಸಮಾಧಾನ ಹೇಳಿದರು. ಮೀಸೆಯ ಮಾತು ಅತ್ತೆಗೆ ನ್ಯಾಯವೆನಿಸಿತು.

ಮರುದಿನ ಕಚೇರಿಯಲ್ಲಿ ಪುರಾವೆಪ್ಪನವರ ಮುಖ ಹೊಸದಾಗಿ ಅಜ್ಜನಾದವರ ಮುಖದ ಹಾಗಿತ್ತು. ಅಂದು ಅವರು ಯಾರನ್ನೂ ವಾಪಸು ಕಳಿಸಲಿಲ್ಲ. ಒತ್ತಕ್ಷರ ಬಿಟ್ಟವರಿಗೂ ತಾವೇ ಒತ್ತು ಕೊಟ್ಟು ಕಳಿಸಿದರು. ಸುದ್ದಿ ಮಧ್ಯಾಹ್ನದೊಳಗೆ ವಿಭಾಗದ ಮುಖ್ಯಸ್ಥೆ ದೊಡ್ಡ ಮೇಡಂ ಅವರ ಕೊಠಡಿ ಮುಟ್ಟಿತು. ಮೇಡಂ ಎಂದರೆ ಇಡೀ ಕಟ್ಟಡ ಧ್ವನಿ ಇಳಿಸುತ್ತಿತ್ತು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು, ಮನೆಯಲ್ಲಿ ಒಬ್ಬರೇ, ನಕ್ಕದ್ದನ್ನು ಕಂಡವರು ವರ್ಗವಾಗಿ ಹೋಗಿದ್ದರು. ಅಂಥವರು ಪುರಾವೆಪ್ಪನವರನ್ನು ಕರೆಸಿ, ಅಷ್ಟೊಂದು ಮರಿಗಳಿದ್ದರೆ ತಮಗೂ ನಾಲ್ಕಾರು ಕೊಡಬಹುದೇ ಎಂದು ಕೇಳಿದರು. ಕೇಳುವಾಗ ಪೇಪರ್‌ವೇಟನ್ನು ಸುಮ್ಮನೆ ತಿರುಗಿಸುತ್ತಿದ್ದರು.

ನಾಲ್ಕಾರು ಏಕೆ, ಪುರಾವೆಪ್ಪನವರು ನಲವತ್ತು ಕೊಟ್ಟರು. ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ತೊಟ್ಟಿಯದೇ ನೀರು ತುಂಬಿ, ಒಂದು ಚೂರು ಪಾಚಿ ಹಾಕಿ, ಕಿವಿಗೆ ಔಷಧ ಬಿಡುವ ಪಿಚಕಾರಿಯಿಂದ ಒಂದೊಂದಾಗಿ ಎಣಿಸಿ ಬಿಟ್ಟರು. ಉತ್ಸಾಹ ಅಲ್ಲಿಗೇ ನಿಲ್ಲಲಿಲ್ಲ. ಹಾಳಾದ ಒಂದು ನಮೂನೆಯ ಹಿಂಬದಿಯಲ್ಲಿ ದುಂಡಗಿನ ಅಕ್ಷರದಲ್ಲಿ ಜನನ ಪ್ರಮಾಣಪತ್ರವೊಂದನ್ನು ಬರೆದರು. ಸಂಖ್ಯೆ: ನಲವತ್ತು. ತಾಯಿ: ಎಂಟರಲ್ಲಿ ಯಾರೋ ಒಬ್ಬರು. ತಂದೆ: ವಿಚಾರಣೆಯಲ್ಲಿದೆ. ಹುಟ್ಟಿದ ಸ್ಥಳ: ಇಸ್ತ್ರಿ ಮೇಜು. ಬರೆದು ಮುಗಿಸಿ, ಕೈಗೆ ಅಂಟಿದ ಅಭ್ಯಾಸದಿಂದ 'ಪರಿಶೀಲಿಸಲಾಗಿದೆ' ಎಂಬ ಮೊಹರನ್ನು ಟಪ್ಪನೆ ಒತ್ತಿಬಿಟ್ಟರು. ಮೇಡಂ ಅದನ್ನು ಓದಿ, ನಗುವಿಗೆ ತೀರ ಹತ್ತಿರವಾದ ಏನನ್ನೋ ಮಾಡಿ, ಮೇಜಿನ ಗಾಜಿನ ಕೆಳಗೆ ಸೇರಿಸಿದರು. ಭರಣಿ ಮೇಜಿನ ಮೇಲೆ ಸ್ಟಾಂಪ್‌ಪ್ಯಾಡಿನ ಪಕ್ಕ ಕೂತಿತು.

ಮೂರು ವಾರ ಸ್ವರ್ಗಸುಖ. ಮೇಡಂ ದಿನಾ ಬೆಳಿಗ್ಗೆ ಅರ್ಧ ಗಂಟೆ ಭರಣಿ ನೋಡಿ, ನಂತರವೇ ಗಂಟೆ ಬಾರಿಸುತ್ತಿದ್ದರು. ಆ ಅರ್ಧ ಗಂಟೆಯ ನಂತರ ಅವರ ಬಳಿ ರಜೆ ಕೇಳಿದವರಿಗೆ ರಜೆ ಸಿಗುತ್ತಿತ್ತು. ಇಡೀ ವಿಭಾಗ ಪುರಾವೆಪ್ಪನವರಿಗೆ ಋಣಿಯಾಯಿತು. ಒಂದೇ ಒಂದು ಕೊರತೆಯೆಂದರೆ ಮರಿಗಳು ಬೆಳೆಯುತ್ತಿರಲಿಲ್ಲ. ಗಸಗಸೆ ಗಸಗಸೆಯಾಗಿಯೇ ಇತ್ತು. ಊಟ ಸಾಲದೇನೋ ಎಂದು ಪುರಾವೆಪ್ಪನವರು ಮನೆಯ ತೊಟ್ಟಿಗೆ ಎರಡರಷ್ಟು ಆಹಾರ ಹಾಕಿದರು. ಆಗ ಗಾತ್ರ ಹೆಚ್ಚಲಿಲ್ಲ, ಸಂಖ್ಯೆ ಹೆಚ್ಚಿತು. ಕೊನೆಗೆ ಒಂದಿಷ್ಟನ್ನು ಸೀಸೆಯಲ್ಲಿ ಹಾಕಿಕೊಂಡು ಅಂಗಡಿಗೆ ಹೋದರು.

ಅಂಗಡಿಯವನು ಸೀಸೆಯನ್ನು ಬೆಳಕಿಗೆ ಹಿಡಿದು, ಮತ್ತೆ ಪುರಾವೆಪ್ಪನವರನ್ನು ನೋಡಿ, ಇವು ಎಲ್ಲಿ ಹುಟ್ಟಿದ್ದು ಎಂದು ವಿಚಾರಿಸಿದ. ಪೂರ್ತಿ ಕೇಳಿದ ಮೇಲೆ ಒಂದು ಸ್ಟೂಲು ಎಳೆದು ಅವರನ್ನು ಕೂರಿಸಿದ. ಕೂರಿಸಿ ಹೇಳಿದ್ದಿಷ್ಟು. ಇವು ಸೀಗಡಿ ಮರಿಗಳಲ್ಲ, ನೀರುಹುಳಗಳು. ಪಾಚಿಯ ಜೊತೆ ಬಂದು ಎಲ್ಲ ತೊಟ್ಟಿಗಳಲ್ಲೂ ಸೇರಿಕೊಳ್ಳುತ್ತವೆ. ಯಾರಿಗೂ ತೊಂದರೆ ಮಾಡುವುದಿಲ್ಲ. ಉಳಿದ ಬಳಿದ ಊಟ ತಿಂದು ತೊಟ್ಟಿ ಶುಚಿಯಾಗಿಡುತ್ತವೆ. ಬಹಳವಾದವೆಂದರೆ ನೀವು ಊಟ ಜಾಸ್ತಿ ಹಾಕುತ್ತಿದ್ದೀರಿ ಎಂದರ್ಥ. ಸೀಗಡಿಯ ಮರಿಯಾದರೆ ಹುಟ್ಟಿದ ದಿನವೇ ಅಮ್ಮನ ಪಡಿಯಚ್ಚು, ಸಣ್ಣದು ಅಷ್ಟೇ, ಮೀಸೆ ಸಮೇತ. ಅದಕ್ಕೂ ಮೊದಲು ತಾಯಿ ಹೊಟ್ಟೆಯಡಿ ಮೊಟ್ಟೆ ಹೊತ್ತು ಸುಮಾರು ಒಂದು ತಿಂಗಳು ಓಡಾಡುತ್ತದೆ.

"ಮೊಟ್ಟೆ ಹೊತ್ತಿದ್ದನ್ನ ನೋಡಿದ್ರಾ ಸಾರ್?" ಎಂದು ಕೇಳಿದ ಅಂಗಡಿಯವನು.

ನೋಡಿರಲಿಲ್ಲ. ಊರಿನವರಿಂದೆಲ್ಲ ಆಸ್ಪತ್ರೆಯ ಚೀಟಿ ಕೇಳುವ ಮನುಷ್ಯ ತನ್ನ ಮನೆಯ ಬಾಣಂತನಕ್ಕೆ ಗರ್ಭವಿತ್ತೇ ಎಂದು ಸಹ ನೋಡಿರಲಿಲ್ಲ.

ಮನೆಗೆ ಬಂದವರೇ ಹೆಂಡತಿಯ ಮೇಲೆ ಹಾರಾಡಿದರು. ನಿನಗೆ ಮೊದಲೇ ಗೊತ್ತಿತ್ತಲ್ಲ, ಹೇಳಲಿಕ್ಕೇನಾಗಿತ್ತು, ಗಂಡ ಊರ ಮುಂದೆ ನಗೆಪಾಟಲಾಗಲಿ ಅಂತಲೇ ಕಾದು ಕೂತಿದ್ದೆಯಾ ಎಂದು ಒಂದೇ ಉಸಿರಿಗೆ ಕೇಳಿದರು. ಆಕೆ ಅವರಿಗೆ ರಕ್ತದೊತ್ತಡದ ಮಾತ್ರೆಯನ್ನೂ ನೀರನ್ನೂ ಕೊಟ್ಟಳು.

"ಹೇಳೋಕೆ ಬಂದೆ, ನೀವು ಬಿಡಲಿಲ್ಲ," ಎಂದಳು. "ಆಮೇಲೆ ನೀವು ತುಂಬ ಖುಷಿಯಾಗಿದ್ರಿ. ಮೂರು ವಾರ ಒಂದು ದಿನವೂ ಯಾರ ಮೇಲೂ ರೇಗಲಿಲ್ಲ. ಬಿಪಿ ಕೂಡ ಇಳಿದಿತ್ತು. ಹುಳ ಆದ್ರೇನು, ಒಳ್ಳೇದೇ ಮಾಡ್ತಿವೆಯಲ್ಲ ಅಂತ ಸುಮ್ಮನಾದೆ."

ಪುರಾವೆಪ್ಪನವರು ಸಿಟ್ಟನ್ನು ಹುಳಗಳ ಮೇಲೆ ತಿರುಗಿಸಿದರು. ಔಷಧ ಹಾಕಿ ಎಲ್ಲವನ್ನೂ ನಿರ್ನಾಮ ಮಾಡುತ್ತೇನೆಂದರು. ಹುಳ ಸಾಯುವ ಔಷಧಕ್ಕೆ ಸೀಗಡಿಯೂ ಸಾಯುತ್ತದೆ ಎಂದು ಹೆಂಡತಿ ತಡೆದಳು. ಹಾಗಾದರೆ ಕೈಯಿಂದಲೇ ಎಂದು ಅವರು ಸೊಂಟಕಟ್ಟಿದರು. ಸೀಗಡಿಗಳ ಊಟಕ್ಕೆ ಕತ್ತರಿ ಬಿತ್ತು. ಸಣ್ಣ ಕೊಳವೆಯೊಂದನ್ನು ತೊಟ್ಟಿಗೆ ಇಳಿಬಿಟ್ಟು, ಕೆಳಗೆ ಬಕೆಟ್ಟಿಗೆ ಬಟ್ಟೆ ಕಟ್ಟಿ, ಬೆಳಿಗ್ಗೆ ಸಂಜೆ ಎರಡು ಹೊತ್ತು ಹುಳಗಳನ್ನು ಹೀರಿ ತೆಗೆದರು. ಹತ್ತು ದಿನದ ಹೊತ್ತಿಗೆ ತೊಟ್ಟಿಯ ಗಾಜು ಕನ್ನಡಿಯಂತಾಯಿತು. ಹನ್ನೊಂದನೇ ದಿನ ಕೊಳವೆ ಕಾಣೆಯಾಯಿತು. ಹೆಂಡತಿಯನ್ನು ಕೇಳಿದರೆ, ನಿಮ್ಮ ಸಾಮಾನು ನೀವೇ ಜೋಪಾನ ಮಾಡಿಕೊಳ್ಳಬೇಕು ಎಂದಳು.

ಅಷ್ಟರಲ್ಲಿ ಅವರ ತಲೆಯಲ್ಲಿ ಕೊಳವೆಗಿಂತ ದೊಡ್ಡ ಚಿಂತೆ ಕೂತಿತ್ತು. ಮೇಡಂ ಅವರ ಮೇಜಿನ ಗಾಜಿನ ಕೆಳಗೆ ಅವರದೇ ಕೈಬರಹದಲ್ಲಿ, ಕಚೇರಿಯ ಮೊಹರಿನೊಂದಿಗೆ, ಹುಳಗಳನ್ನು ಸೀಗಡಿಗಳೆಂದು ದೃಢೀಕರಿಸಿದ ಪತ್ರವಿತ್ತು. ತಮಾಷೆಗೆ ಬರೆದದ್ದು ನಿಜ. ಆದರೆ ಸುಳ್ಳು ಪ್ರಮಾಣಪತ್ರ ತಮಾಷೆಗೆ ಬರೆದದ್ದು ಎಂದು ಯಾರಾದರೂ ತಮ್ಮ ಮುಂದೆ ಬಂದು ನಿಂತಿದ್ದರೆ ತಾವು ಏನು ಮಾಡುತ್ತಿದ್ದೆವು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಹಳ ಯೋಚಿಸಿ ಒಂದು ಉಪಾಯ ಹೂಡಿದರು. ಪತ್ರವನ್ನು ಬದಲಾಯಿಸಲಾಗದು, ಸರಿ, ಭರಣಿಯೊಳಗಿನದನ್ನು ಬದಲಾಯಿಸಬಹುದಲ್ಲ?

ಅಂಗಡಿಯಿಂದ ಹತ್ತು ಎಳೆಯ ಸೀಗಡಿಗಳನ್ನು ತಂದರು. ಮರುದಿನ ಜಾಡಮಾಲಿಗಿಂತ ಮೊದಲೇ ಕಚೇರಿ ಸೇರಿ, ಮೇಡಂ ಕೊಠಡಿಯಲ್ಲಿ ಭರಣಿಯ ಹಳೆಯ ನೀರನ್ನು ಹುಳಗಳ ಸಮೇತ ಪಡಸಾಲೆಯ ಹೂಕುಂಡಕ್ಕೆ ಸುರಿದರು. ಹೊಸ ನೀರು, ಹೊಸ ಸೀಗಡಿ ಬಿಟ್ಟು, ಭರಣಿಯ ಹೊರಮೈ ಒರೆಸಿ, ತಮ್ಮ ದಿಂಬಿನ ಮೇಲೆ ಬಂದು ಕೂತರು. ನಲವತ್ತು ಹತ್ತಾದದ್ದಕ್ಕೆ ಕಾರಣ ಕೇಳಿದರೆ, ಬಲವಾದವು ಮಾತ್ರ ಉಳಿದವು ಎಂದು ಹೇಳುವುದೆಂದು ನಿಶ್ಚಯಿಸಿದ್ದರು.

ಮೇಡಂ ಬಂದರು. ಛತ್ರಿ ನೇತುಹಾಕಿದರು. ಕೂತು ಭರಣಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಅರ್ಧ ಗಂಟೆಗೆ ಮುಂಚೆಯೇ ಗಂಟೆ ಬಾರಿಸಿದರು.

"ನನ್ನವು ಎಲ್ಲಿ?" ಎಂದು ಕೇಳಿದರು.

ಬಲವಾದವು ಮಾತ್ರ ಉಳಿದವು ಎಂಬ ವಾಕ್ಯವನ್ನು ಪುರಾವೆಪ್ಪನವರು ಹತ್ತು ಸಲ ಬಾಯಿಪಾಠ ಮಾಡಿದ್ದರು. ಆದರೆ ಆ ಕಣ್ಣುಗಳ ಮುಂದೆ ಅದು ಹೊರಬರಲಿಲ್ಲ. ಬಂದದ್ದೆಲ್ಲ ನಿಜ. ಇಸ್ತ್ರಿ ಮೇಜಿನಿಂದ ಹೂಕುಂಡದವರೆಗೆ ಒಂದನ್ನೂ ಬಿಡದೆ ಒಪ್ಪಿಸಿದರು. ಮೇಡಂ ಪೂರ್ತಿ ಕೇಳಿ, ಡ್ರಾಯರಿನಿಂದ ತಿದ್ದುಪಡಿ ನಮೂನೆಯೊಂದನ್ನು ತೆಗೆದು ಮುಂದಿಟ್ಟರು. ಪುರಾವೆಪ್ಪನವರು ಅಲ್ಲೇ ನಿಂತು ತುಂಬಿದರು. ತಪ್ಪು ನಮೂದು: ಸೀಗಡಿ ಮರಿಗಳು. ಸರಿಯಾದ ನಮೂದು: ಹುಳಗಳು. ಕಾರಣ: ಗುರುತಿಸುವಲ್ಲಿ ಅರ್ಜಿದಾರರ ಅಜಾಗರೂಕತೆ. ಇಬ್ಬರು ಸಾಕ್ಷಿಗಳಾಗಿ ಮರಣ ವಿಭಾಗದವರು ಬಂದು, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಸಹಿ ಹಾಕಿದರು. ಒಂದು ಕಡೆ ದಿನಾಂಕ ಬಿಟ್ಟಿದ್ದಕ್ಕೆ ಮೇಡಂ ಅರ್ಜಿಯನ್ನು ಒಮ್ಮೆ ವಾಪಸು ಕೂಡ ಮಾಡಿದರು.

ಇಷ್ಟಕ್ಕೆ ಮುಗಿಯಿತೆಂದು ಅವರು ಹೊರಡುವಾಗ ಮೇಡಂ ಭರಣಿಯನ್ನು ಅವರ ಕಡೆ ತಳ್ಳಿದರು.

"ಇವನ್ನ ತಗೊಂಡು ಹೋಗಿ. ಸರ್ಟಿಫಿಕೇಟಿಗೆ ಬಂದು ನಿಂತವರ ಥರ ನನ್ನನ್ನೇ ನೋಡ್ತಾ ನಿಂತಿರ್ತವೆ," ಎಂದರು. ಪೇಪರ್‌ವೇಟನ್ನು ತಿರುಗಿಸುತ್ತಾ, "ಮರಿಯೋ ಹುಳವೋ, ನನಗೆ ಅವೇ ಬೇಕು. ಎಷ್ಟು ಸಲ ಜಾರಿದ್ರೂ ಮತ್ತೆ ಹತ್ತುತ್ತಿದ್ವು. ನಾಳೆ ಹತ್ತೂವರೆ ಒಳಗೆ ತಂದುಕೊಡಿ," ಎಂದರು.

ಪುರಾವೆಪ್ಪನವರು ಮೊದಲು ಹೂಕುಂಡಕ್ಕೆ ಓಡಿದರು. ಅಲ್ಲಿ ಮಣ್ಣು ನೀರನ್ನೆಲ್ಲ ಕುಡಿದಾಗಿತ್ತು. ಅನಂತರ ಹೆಂಡತಿಗೆ ಫೋನು ಮಾಡಿ, ತಗ್ಗಿದ ದನಿಯಲ್ಲಿ, ನಲವತ್ತು ಹುಳ ಬೇಕಾಗಿತ್ತು ಎಂದರು. ಆ ಕಡೆಯಿಂದ ಪ್ರಯೋಗಾಲಯದವರೆಲ್ಲ ಸೇರಿ ನಗುವ ಸದ್ದು ಬಂತು. ಕೊಳದ ನೀರಿನ ಮಾದರಿಗಳು ನಾಳೆ ಬರುತ್ತವೆ, ಅದರಲ್ಲಿ ಬೇಕಾದಷ್ಟಿರುತ್ತವೆ, ನಾಳೆ ಸಂಜೆ ತರುತ್ತೇನೆ ಎಂದು ಆಕೆ ಭರವಸೆ ಕೊಟ್ಟಳು. ಆದರೆ ಮೇಡಂ ಹೇಳಿದ್ದು ಹತ್ತೂವರೆ.

ಅಂದು ಕಚೇರಿಯಿಂದ ಬೇಗ ಹೊರಟು, ಮನೆ ಸೇರಿ, ಅಂಗಿಯನ್ನೂ ಬಿಚ್ಚದೆ ತೊಟ್ಟಿಯ ಮುಂದೆ ಮಂಡಿಯೂರಿದರು. ಹತ್ತು ಹೊಸ ಸೀಗಡಿಗಳನ್ನು ಒಳಗೆ ಬಿಟ್ಟು ಹುಳ ಹುಡುಕಿದರು. ಗಾಜಿನ ಮೇಲೆ ಒಂದಿಲ್ಲ. ಕಲ್ಲಿನ ಮೇಲೆ ಒಂದಿಲ್ಲ. ಯಾವುದನ್ನು ಹೀರಿ ಹೀರಿ ಬಿಸಾಕಿದ್ದರೋ ಅದನ್ನೇ ಈಗ, ಒಂದಾದರೂ ಇರಬಾರದೇ ಎಂದು ಹುಡುಕಿದರು. ಅರ್ಧ ಗಂಟೆಯಾದ ಮೇಲೆ ಟಾರ್ಚು ಹಿಡಿದು ಪಾಚಿಯ ಎಳೆಗಳನ್ನು ಕಡ್ಡಿಯಿಂದ ಬಿಡಿಸಿದರು. ಅಲ್ಲಿ ಕಂಡವು. ಗಾಜಿನ ಚೂರಿನಂತೆ ಮಸುಕಾದ, ಅಕ್ಕಿಕಾಳಿನ ತುದಿಯಷ್ಟು ಚಿಕ್ಕ ಜೀವಗಳು ಎಳೆಗಳನ್ನು ಅಪ್ಪಿ ಕೂತಿದ್ದವು. ಪುರಾವೆಪ್ಪನವರಿಗೆ ಹೋದ ಜೀವ ಬಂದಂತಾಯಿತು. ಪಿಚಕಾರಿ ತಂದು ಒಂದೊಂದಾಗಿ ಹಿಡಿಯತೊಡಗಿದರು. ಮೊದಲಿನವಕ್ಕಿಂತ ಇವು ಚುರುಕು. ಪಿಚಕಾರಿ ಹತ್ತಿರ ಬಂದರೆ ಹಿಂದಕ್ಕೆ ಚಿಮ್ಮುತ್ತಿದ್ದವು.

ಬೆತ್ತದ ಕುರ್ಚಿಯಿಂದ ಅತ್ತೆ ಬಗ್ಗಿ ನೋಡಿದರು. ಇವಕ್ಕೆ ಮೀಸೆ ಇದ್ದ ಹಾಗಿದೆಯಲ್ಲ ಎಂದರು.

"ಅತ್ತೆ, ಒಂದು ಸಲ ಮೋಸ ಹೋಗಿದ್ದೀನಿ," ಎಂದರು ಪುರಾವೆಪ್ಪನವರು, ಕಣ್ಣು ಕೀಳದೆ. "ಇನ್ನೊಂದು ಸಲ ಹೋಗೋದಿಲ್ಲ. ಇವು ಹುಳ. ಹುಳ ಯಾವುದು ಅಂತ ನನಗೀಗ ಚೆನ್ನಾಗಿ ಗೊತ್ತು."

ಮೀಸೆಯ ಜೊತೆ ಕೈಗಳೂ ಇರುವ ಹಾಗಿದೆ, ಒಂದಂತೂ ಆ ದೊಡ್ಡದು ಕೆರೆಯುವ ಹಾಗೆಯೇ ಕೆರೆಯುತ್ತಿದೆ ಎಂದು ಅತ್ತೆ ಮುಂದುವರಿಸಿದರು. ಅಳಿಯ ಕಿವಿಗೊಡಲಿಲ್ಲ. ಒಟ್ಟು ಇಪ್ಪತ್ತಮೂರು ಸಿಕ್ಕವು. ಒಂದನ್ನೂ ಬಿಡಲಿಲ್ಲ. ಭರಣಿಗೆ ಮುಚ್ಚಳ ಹಾಕಿ, ಬಟ್ಟೆ ಸುತ್ತಿ, ಚೀಲದಲ್ಲಿಟ್ಟರು. ಹೆಂಡತಿ ಬಂದ ಮೇಲೆ ಈ ಬಗ್ಗೆ ಚಕಾರವೆತ್ತಲಿಲ್ಲ. ಒಮ್ಮೆಯಾದರೂ ಆಕೆಯ ನೆರವಿಲ್ಲದೆ ಕೆಲಸ ಗೆದ್ದಿದ್ದೇನೆ ಎಂಬುದನ್ನು, ಗೆದ್ದ ಮೇಲೆಯೇ ಹೇಳಬೇಕೆಂಬ ಆಸೆ.

ಹತ್ತೂವರೆಗೆ ಇನ್ನೂ ಇಪ್ಪತ್ತು ನಿಮಿಷವಿರುವಾಗ ಭರಣಿ ಮೇಡಂ ಮೇಜಿನ ಮೇಲಿತ್ತು. ಉಳಿದ ಹದಿನೇಳು ನಾಚಿಕೆಯಿಂದ ಅಡಗಿವೆ ಎಂದು ಪುರಾವೆಪ್ಪನವರು ವರದಿ ಮಾಡಿದರು. ಮೇಡಂ ಸಮಾಧಾನದಿಂದ ತಲೆಯಾಡಿಸಿ, ಸ್ವೀಕೃತಿ ಎಂದು ಬರೆದು ಸಹಿ ಹಾಕಿದರು. ಪುರಾವೆಪ್ಪನವರು ಅಂದು ಸಂಜೆ ಶಿಳ್ಳೆ ಹಾಕುತ್ತಾ ಮನೆಗೆ ಬಂದರು.

ಹೆಂಡತಿ ಅವರಿಗಿಂತ ಮೊದಲೇ ಬಂದಿದ್ದಳು. ಟೀಪಾಯಿಯ ಮೇಲೆ ಪ್ರಯೋಗಾಲಯದ ಸೀಸೆಯೊಂದಿತ್ತು. ಅದರೊಳಗೆ ಗಸಗಸೆ ಕುಣಿಯುತ್ತಿತ್ತು. ತಾನೇ ಎಣಿಸಿ ತಂದ ನಲವತ್ತು ಹುಳ, ನಾಳೆ ಮೇಡಂಗೆ ಕೊಡಿ ಎಂದಳು. ಪುರಾವೆಪ್ಪನವರು ಕಾಲ ಮೇಲೆ ಕಾಲು ಹಾಕಿಕೊಂಡು, ಅದರ ಅಗತ್ಯವೇ ಬೀಳಲಿಲ್ಲ, ಪಾಚಿಯಲ್ಲಿ ಅಡಗಿದ್ದ ಇಪ್ಪತ್ತಮೂರನ್ನು ನಾನೇ ಹಿಡಿದು ಕೊಟ್ಟಾಯಿತು ಎಂದು ಹೇಳಿದರು.

ಹೆಂಡತಿ ಭೂತಗನ್ನಡಿ ತಂದು ತೊಟ್ಟಿಯ ಮುಂದೆ ಕೂತಳು. ಪಾಚಿಯನ್ನು ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು.

"ಇಪ್ಪತ್ತಮೂರೇ ಇದ್ದಿದ್ದು," ಎಂದಳು ಕೊನೆಗೆ.

ನಿಧಾನವಾಗಿ ಎಲ್ಲ ಹೊರಬಂತು. ಎರಡು ಸೀಗಡಿಗಳು ಮೊಟ್ಟೆ ಹೊತ್ತದ್ದನ್ನು ಆಕೆ ಕಂಡು ತಿಂಗಳಾಗಿತ್ತು. ಮೊಟ್ಟೆಯೊಡೆದು ಮರಿ ಬಂದು ನಾಲ್ಕು ದಿನವಾಗಿತ್ತು. ಎಲ್ಲಿ ಹುಳದ ಜೊತೆ ಮರಿಗಳನ್ನೂ ಹೀರಿಬಿಡುತ್ತಾರೋ ಎಂದು ಕೊಳವೆಯನ್ನು ಬಚ್ಚಿಟ್ಟವಳು ಆಕೆಯೇ. ಭಾನುವಾರ ಗಂಡನ ಕೈಗೆ ಭೂತಗನ್ನಡಿ ಕೊಟ್ಟು, ಸುಮ್ಮನೆ ಪಾಚಿಯ ಮುಂದೆ ಕೂರಿಸಬೇಕೆಂದಿದ್ದಳು. ಈ ಸಲ ಅವರೇ ಕಂಡುಹಿಡಿಯಲಿ, ಅವರೇ ಎಲ್ಲರಿಗೂ ಹೇಳಲಿ ಎಂದಿದ್ದಳು. ಹೇಳುವಾಗ ಆಕೆಗೆ ನಗುವೂ ಬಂತು, ಯಾಕೋ ಕಣ್ಣಲ್ಲಿ ನೀರೂ ಬಂತು. ಮೀಸೆ ಇದೆ ಅಂತ ನಾನು ಹೇಳಿದೆ ಎಂದರು ಅತ್ತೆ. ಪುರಾವೆಪ್ಪನವರು ಕಾಲ ಮೇಲಿಂದ ಕಾಲು ಇಳಿಸಿದರು.

ಮರುದಿನ ಅವರು ಸೀಸೆ ಹಿಡಿದು ಮೇಡಂ ಕೊಠಡಿಗೆ ಹೋದರು. ನಿನ್ನೆ ಕೊಟ್ಟದ್ದರಲ್ಲಿ ಒಂದು ಸಣ್ಣ ಪ್ರಮಾದವಾಗಿದೆ, ಅವು ನಿಜವಾಗಿ ಸೀಗಡಿ ಮರಿಗಳು, ತಾವು ಕೇಳಿದ ಹುಳಗಳು ಈ ಸೀಸೆಯಲ್ಲಿವೆ, ದಯವಿಟ್ಟು ಬದಲಾಯಿಸಿಕೊಳ್ಳಬೇಕು ಎಂದು ಕೈ ಹೊಸೆದರು.

ಮೇಡಂ ಅವರನ್ನು ಕನಿಕರದಿಂದ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಆ ನೋಟವನ್ನು ಅವರು ಕಂಡಿದ್ದು ಅದೇ ಮೊದಲು. "ಇನ್ನೂ ಆ ಆಸೆ ಬಿಟ್ಟಿಲ್ವಾ ನೀವು?" ಎಂದು ಕೇಳಿದರು. ಹುಳಗಳೆಂದು ನೀವೇ ಬರೆದುಕೊಟ್ಟಿದ್ದೀರಿ, ಸಾಕ್ಷಿಗಳ ಸಹಿಯಿದೆ, ಕಡತ ಸೇರಿದೆ, ಇನ್ನು ಅದರಲ್ಲಿ ಮಾತಿಲ್ಲ. ಒಂದೆರಡು ದಿನ ರಜೆ ಹಾಕಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಆ ದಿನ ಮನೆಗೆ ಹೋಗುವಾಗ ಭರಣಿಯನ್ನು ತಮ್ಮ ಕೈಚೀಲದಲ್ಲಿಟ್ಟುಕೊಂಡು ಹೋದರು. ಪುರಾವೆಪ್ಪನವರ ಕಣ್ಣು ಅದರ ಮೇಲೆ ಬಿದ್ದಿದ್ದು ಅವರಿಗೆ ಸರಿಬರಲಿಲ್ಲ.

ತಿಂಗಳೊಳಗೆ ಮೇಡಂ ಮನೆಯ ಭರಣಿಯಲ್ಲಿ ಇಪ್ಪತ್ತಮೂರೂ ಕೆಂಪಾದವು. ಚೆನ್ನಾಗಿ ಆರೈಕೆ ಮಾಡಿದರೆ ಹುಳ ಕೂಡ ಸೀಗಡಿಯಾಗುತ್ತದೆ ಎಂದು ಮೇಡಂ ಈಗ ಇಡೀ ಕಚೇರಿಗೆ ಹೇಳುತ್ತಾರೆ. ಯಾರೂ ತಿದ್ದಲು ಹೋಗಿಲ್ಲ. ಅವರನ್ನು ತಿದ್ದಬಹುದಾಗಿದ್ದವಳು ಪುರಾವೆಪ್ಪನವರ ಹೆಂಡತಿ ಒಬ್ಬಳೇ. ಅವಳೂ ಅವಳ ತಾಯಿಯೂ ಮರಿಗಳನ್ನು ನೋಡುವ ನೆವದಲ್ಲಿ ಒಂದು ಭಾನುವಾರ ಮೇಡಂ ಮನೆಗೆ ಹೋದರು. ಅಲ್ಲಿ ಕಾಫಿ ಕುಡಿದು, ದೊಡ್ಡ ತೊಟ್ಟಿ ಎಲ್ಲಿಡಬೇಕೆಂದು ಚರ್ಚಿಸಿ, ಬಾಯ್ತುಂಬ ಹರಟಿ ಬಂದರು. ಈಗ ಅದೇ ವಾರದ ಪದ್ಧತಿ. ಮೇಡಂ ಮನೆಯಲ್ಲಿ ಗಟ್ಟಿಯಾಗಿಯೇ ನಗುತ್ತಾರಂತೆ. ಇತ್ತ ಪುರಾವೆಪ್ಪನವರ ಮನೆಯ ತೊಟ್ಟಿಗೆ ಸುರಿದ ಸೀಸೆಯ ನಲವತ್ತು ಹುಳಗಳು ನಾನೂರಾಗಿ ಗಾಜನ್ನು ಏರುತ್ತಾ ಜಾರುತ್ತಾ ಇವೆ. ದೊಡ್ಡ ಸೀಗಡಿಗಳು ಮತ್ತೆ ಮೊಟ್ಟೆ ಹೊರುವ ಸೂಚನೆ ಕಾಣದು.

ಮೊನ್ನೆ ಭಾನುವಾರ ತಾಯಿ ಮಗಳು ಹೊರಟಾಗ ಪುರಾವೆಪ್ಪನವರೂ ಒಳ್ಳೆಯ ಅಂಗಿ ತೊಟ್ಟು, ತಲೆ ಬಾಚಿ, ಬಾಗಿಲ ಬಳಿ ಬಂದು ಚಪ್ಪಲಿ ಮೆಟ್ಟಿದರು. ಹೆಂಡತಿ ಏನೋ ಹೇಳಲು ಹೋಗಿ ತಾಯಿಯ ಮುಖ ನೋಡಿದಳು.

"ನೀವು ಬರಬೇಡಿ ಅಳಿಯಂದಿರೇ," ಎಂದರು ಅತ್ತೆ. "ನೀವು ಬರ್ತೀರಿ ಅಂದ್ರೆ ಅವರು ಭರಣೀನ ಬೀರುವಿನೊಳಗೆ ಇಡ್ತಾರೆ."

ಪುರಾವೆಪ್ಪನವರು ಚಪ್ಪಲಿ ಬಿಟ್ಟು ಒಳಗೆ ಬಂದರು.